ಒಂದು ಬಕೆಟ್ ಪಾಚಿ

ಬಕೆಟ್ಟಿನ ನೀರು ಮತ್ತೆ ತುಳುಕಿತು, ಎಡಗಾಲಿನ ಹೆಬ್ಬೆರಳಿಗೆ ತಣ್ಣಗೆ ತಾಕಿ ಚಪ್ಪಲಿಯೊಳಗೆ ಇಳಿಯಿತು, ಇಳಿಯಲಿ, ಗೊರೂರು ಬಿಟ್ಟು ಕಾಲು ಗಂಟೆಯೂ ಆಗಿಲ್ಲ, ಹಾಸನ ಮುಟ್ಟುವ ಹೊತ್ತಿಗೆ ಅರ್ಧ ಬಕೆಟ್ಟಾದರೂ ಉಳಿದರೆ ಸಾಕು, ತೇವ ಇದ್ದರೆ ಸಾಕು, ಪಾಚಿ ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ, ಅದು ತಿಮ್ಮಪ್ಪನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು — ಮೂವತ್ತಮೂರು ವರ್ಷ ನಾಲೆಯಲ್ಲಿ ನಿಂತು ಅದನ್ನೇ ತಾನೇ ಕೀಳಿಸಿದ್ದು, ದಡಕ್ಕೆ ಎಸೆಸಿದ್ದು, ಬಿಸಿಲಿಗೆ ಒಣಗಿ ಕರ್ರಗಾದ ಮೇಲೆ ಕಾಲಲ್ಲಿ ಒದ್ದು ನೋಡಿದ್ದು, ಮಾರನೆಯ ವರ್ಷ ಅದೇ ತೂಬಿನ ಹತ್ತಿರ ಅದೇ ಪಾಚಿ ಏನೂ ಆಗದವರ ಹಾಗೆ ತಲೆದೂಗಿಕೊಂಡು ನಿಂತಿರುತ್ತಿತ್ತು. ಈಗ ಅದನ್ನೇ ಬಕೆಟ್ಟಿನಲ್ಲಿಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿ, ಎರಡು ಪಾದಗಳ ನಡುವೆ ಜೋಪಾನವಾಗಿ ಹಿಡಿದು ಕೂತಿದ್ದಾನೆ. ಕಂಡಕ್ಟರು ಬಂದು ಮೂಗು ಸೊಟ್ಟ ಮಾಡಿದ, ಏನ್ ಯಜಮಾನ್ರೆ ಮೀನಾ, ಮೀನು ಬಸ್ಸಲ್ಲಿ ತರಂಗಿಲ್ಲ, ಮೀನಲ್ಲ ಕಣಪ್ಪ ಪಾಚಿ, ಪಾಚಿನಾ, ಪಾಚಿ ಎತ್ಕಂಡು ಹಾಸನಕ್ಕೋಗಿ ಏನ್ ಮಾಡೀರಿ, ತಿಮ್ಮಪ್ಪ ಚಿಲ್ಲರೆ ಎಣಿಸಿ ಕೊಟ್ಟ, ಪಕ್ಕದ ಸೀಟಿನ ಹೆಂಗಸು, ಮಾದಮ್ಮ ಅಂತ ಕೇಳದೆಯೇ ಹೆಸರು ಹೇಳಿಕೊಂಡವಳು, ಗೋಣಿಯ ಅಂಚು ಎತ್ತಿ ನೋಡಿ, ಇದ್ಯಾವ ಸೊಪ್ಪು ಸಾ, ಬಸ್ಸಾರ್ಗೆ ಬತ್ತದಾ ಎಂದಳು, ಸುತ್ತಲಿನ ನಾಲ್ಕು ಸೀಟಿನವರು ನಕ್ಕರು, ತಾನೂ ನಗಬೇಕೆಂದು ತಿಮ್ಮಪ್ಪ ಬಾಯಿ ತೆರೆದ, ತೆರೆದ ಬಾಯಿ ಹಾಗೆಯೇ ಮುಚ್ಚಿತು. ಬೆಳಗಿನ ಆ ಬಾಯಿ ನೆನಪಾಗಿತ್ತು — ಅಂಗಿಯ ಗುಂಡಿಯಷ್ಟಗಲದ ಬಾಯಿ, ನೀರಿನ ಮೇಲಕ್ಕೆ ಅಂಟಿಕೊಂಡು ತೆರೆಯುವುದು, ಮುಚ್ಚುವುದು, ತೆರೆಯುವುದು.

ಕೊಳ ಸೊಸೆಯದು. ದೀಪಶ್ರೀ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಬೂವನಹಳ್ಳಿ ಕಡೆಯ ಆ ಬಡಾವಣೆಯಲ್ಲಿ ಎಲ್ಲರೂ ಮನೆ ಹಿಂದಿನ ಜಾಗಕ್ಕೆ ಸಿಮೆಂಟು ಹಾಕಿಸಿ ಬಟ್ಟೆ ಒಣಗಿಸಿದರೆ ಇವಳು ಗುಂಡಿ ತೋಡಿಸಿದಳು, ಹನ್ನೆರಡಡಿ ಉದ್ದ ಎಂಟಡಿ ಅಗಲ, ನಡುವೆ ಸೊಂಟದುದ್ದ ಆಳ, ಅಂಚಿನಲ್ಲಿ ಕಪ್ಪೆ ಹತ್ತಿ ಇಳಿಯಲೆಂದು ಇಳಿಜಾರು, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಸೊಳ್ಳೆ ಫ್ಯಾಕ್ಟರಿ ತೆಗೀತಿದ್ದೀಯಾ ಅಂತ ಮಗ ಅನಿಲ್‌ಕುಮಾರ್ ರೇಗಿಸಿದ, ಅವನು ಬೆಳಿಗ್ಗೆ ಏಳಕ್ಕೆಲ್ಲ ಚನ್ನರಾಯಪಟ್ಟಣದ ಆಫೀಸಿಗೆ ಹೊರಡುವವನು, ಮನೆಯಲ್ಲಿ ಏನು ಬಂತು ಏನು ಹೋಯಿತು ಅವನಿಗೆ ತಿಳಿಯುವುದಿಲ್ಲ. ಸೊಳ್ಳೆ ಬರಲಿಲ್ಲ, ಅದರ ಮರಿ ತಿನ್ನಲೆಂದು ಅವಳು ಮೊದಲೇ ಒಂದು ಡಜನ್ ಪಕ್ಕೆ ಮೀನು ಬಿಟ್ಟಿದ್ದಳು. ಕಪ್ಪೆ ಬಂದವು, ಬಸವನಹುಳು ಬಂದವು, ಒಂದು ಮಧ್ಯಾಹ್ನ ಕೆಂಪು ಬಾಲದ ಏರೋಪ್ಲೇನ್ ಚಿಟ್ಟೆ ಬಂದು ಜೊಂಡಿನ ತುದಿಯ ಮೇಲೆ ಕೂತಿತು, ಮಾವ ಮಾವ ಬನ್ನಿ ಇಲ್ಲಿ, ಬೂವನಹಳ್ಳಿ ಏರ್‌ಪೋರ್ಟಿಗೆ ಏರೋಪ್ಲೇನ್ ಬರೋದು ಯಾವಾಗ್ಲೋ, ನಮ್ಮನೇಲಿ ಆಗ್ಲೇ ಇಳೀತು ನೋಡಿ, ಎಂದು ಮಕ್ಕಳ ಹಾಗೆ ಕೂಗಿದಳು. ನೀರೊಳಗೆ ನೆಟ್ಟಿದ್ದನ್ನು ತಿಮ್ಮಪ್ಪ ಪಾಚಿ ಅಂದರೆ ಅವಳಿಗೆ ಸಿಟ್ಟು, ಪಾಚಿ ಅನ್ಬೇಡಿ ಮಾವ, ಪಾಚಿ ಬೇರೆ, ಇದು ಆಕ್ಸಿಜನ್ ಗಿಡ, ಬಿಸಿಲು ಬಿದ್ದಾಗ ನೋಡಿ ಎಲೆ ತುದೀಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಲ್ಲ, ಅದೇ ಇವುಗಳ ಉಸಿರು, ಈ ಗಿಡ ಚೆನ್ನಾಗಿದ್ರೆ ಕೊಳ ಚೆನ್ನಾಗಿರುತ್ತೆ. ಅವನು ಕಣ್ಣು ಕಿರಿದು ಮಾಡಿ ಬಾಗಿ ನೋಡಿದ್ದ, ಹೌದು, ಸೋಡಾ ಬಾಟಲಿಯಲ್ಲಿ ಏಳುವಂಥ ಗುಳ್ಳೆ, ಒಂದರ ಹಿಂದೊಂದು ಎದ್ದು ಮೇಲೆ ಬಂದು ಒಡೆಯುತ್ತಿದ್ದವು, ಮೂವತ್ತಮೂರು ವರ್ಷ ನಾಲೆಯ ದಂಡೆಯ ಮೇಲೆ ಓಡಾಡಿದವನು ಒಂದು ದಿನವಾದರೂ ಬಾಗಿ ಅದನ್ನು ನೋಡಿರಲಿಲ್ಲ.

ಹೊಳೆನರಸೀಪುರದಲ್ಲಿ ಅವಳ ತಂಗಿ ಅನುಶ್ರೀಗೆ ಹೆರಿಗೆಯಾಯಿತು, ದಸರಾ ರಜ, ಬಾಣಂತನಕ್ಕೆ ಹತ್ತು ದಿನ ಹೋಗಿಬರ್ತೀನಿ ಮಾವ ಎಂದಳು ದೀಪಶ್ರೀ, ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಬಿಚ್ಚಿ ಹಿತ್ತಲಿಗೆ ಬಂದು ಕೊಳದ ಹತ್ತಿರ ನಿಂತಳು, ಕೊಳಕ್ಕೆ ಏನೂ ಮಾಡ್ಬೇಡಿ ಮಾವ, ಸುಮ್ನೆ ನೋಡ್ಕೊಳ್ಳಿ ಸಾಕು, ಗಿಡ ಜಾಸ್ತಿ ಆಯ್ತು ಅನ್ಸಿದ್ರೆ ನಾನು ಬಂದ್ಮೇಲೆ ತೆಗೆಯೋಣ, ಒಂದೇ ಸಲ ಎಲ್ಲಾ ತೆಗೀಬಾರ್ದು, ಮೂರರಲ್ಲಿ ಒಂದು ಪಾಲು, ತೆಗ್ದದ್ದನ್ನ ದಡದಲ್ಲೇ ಒಂದು ದಿನ ಬಿಡ್ಬೇಕು, ಒಳಗಿರೋ ಹುಳಗಳು ತೆವಳ್ಕೊಂಡು ವಾಪಸ್ ನೀರಿಗೆ ಹೋಗ್ಲಿ ಅಂತ, ಅಕಸ್ಮಾತ್ ಗಿಡ ಎದ್ದು ತೇಲಿದ್ರೆ ಕಲ್ಲಿಗೆ ಕಟ್ಟೋಕೆ ದಾರ ಕತ್ತರಿ ಎಲ್ಲಾ ಟ್ರಂಕಲ್ಲಿದೆ. ಹೂಂ ಕಣವ್ವ ಎಂದಿದ್ದ. ಸುಮ್ಮನೆ ನೋಡಿಕೋ ಎನ್ನುವ ಕೆಲಸ ಅವನ ಕೈಗೆ ಎಂದೂ ಒಗ್ಗಿದ್ದಲ್ಲ, ಆದರೂ ಎರಡು ದಿನ ಸುಮ್ಮನೆಯೇ ನೋಡಿದ, ಮೂರನೆಯ ದಿನ ಕಣ್ಣಿನ ಡಾಕ್ಟರಿಗೆ ತೋರಿಸಲೆಂದು ಹಾಸನಕ್ಕೆ ಬಂದ ಚಲುವಯ್ಯ ಕಾಫಿಗೆ ಬಂದ. ತಿಮ್ಮಪ್ಪ ನೀರಾವರಿ ಇಲಾಖೆಯ ವರ್ಕ್ ಇನ್‌ಸ್ಪೆಕ್ಟರಾಗಿದ್ದಾಗ ಚಲುವಯ್ಯ ಅವನ ಸೆಕ್ಷನ್ನಿನ ನೀರುಗಂಟಿ, ಈಗಲೂ ಗೊರೂರಿನಲ್ಲೇ ಇರುವವನು, ಲೋಟ ಹಿಡಿದು ಹಿತ್ತಲಿಗೆ ಬಂದವನೇ ಕೊಳ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ, ಏನ್ ಸಾ ಇದು, ಅಷ್ಟು ವರ್ಸ ನಮ್ ಕೈಲಿ ಪಾಚಿ ಕೀಳ್ಸಿ ಕೀಳ್ಸಿ ಈಗ ಮನೇಲೇ ಸಾಕ್ಕಂಡಿದ್ದೀರಲ್ಲಾ, ಇಂಜಿನಿಯರ್ ಸಾಯೇಬ್ರು ನೋಡುದ್ರೆ ಸಸ್ಪೆಂಡ್ ಮಾಡ್ಬುಡ್ತರೆ ಕಣಿ, ತಿಮ್ಮಪ್ಪನೂ ನಕ್ಕ, ನಕ್ಕರೂ ಆ ಮಾತು ಒಳಗೆ ಮುಳ್ಳಾಗಿ ಚುಚ್ಚಿತು. ಮಾರನೆಯ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ಕೊಳಕ್ಕಿಳಿದ.

ಇಳಿದ ಮೇಲೆ ಮೂರರಲ್ಲಿ ಒಂದು ಪಾಲು ಎನ್ನುವ ಲೆಕ್ಕ ಎಲ್ಲಿ, ನಾಲೆಗೆ ನೀರು ಬಿಡುವ ಮೊದಲು ತಳ ಕಾಣಬೇಕು, ಒಂದು ಎಳೆ ಉಳಿದರೂ ತಿಮ್ಮಪ್ಪನ ಸೆಕ್ಷನ್ನಿನಲ್ಲಿ ಬಿಲ್ಲಿಗೆ ಸಹಿ ಇರಲಿಲ್ಲ, ಅದೇ ಕೈ, ಅದೇ ಹಲ್ಲುಗೋಲು, ಬೇರು ಸಮೇತ, ಜಲ್ಲಿ ತುಂಬಿದ ಅವಳ ಪುಟ್ಟ ಕುಂಡಗಳನ್ನೂ ಕವುಚಿ, ಹತ್ತು ಗಂಟೆಯ ಹೊತ್ತಿಗೆ ಎಲ್ಲ ಕಿತ್ತು ತೆಂಗಿನ ಬುಡಕ್ಕೆ ರಾಶಿ ಹಾಕಿದ. ರಾಶಿಯೊಳಗೆ ಏನೋ ಮಿಸುಕಾಡಿತು, ಬಸವನಹುಳು ಇರಬೇಕು, ಆರು ಕಾಲಿನ ಮಣ್ಣುಬಣ್ಣದ ಹುಳವೊಂದು ಹತ್ತಿಕೊಂಡು ಬಂದು ಬಿಸಿಲಲ್ಲಿ ದಿಕ್ಕೆಟ್ಟು ನಿಂತಿತು, ಅದು ಏರೋಪ್ಲೇನ್ ಚಿಟ್ಟೆಯ ಮರಿ ಎಂದು ದೀಪಶ್ರೀಯೇ ಒಂದು ದಿನ ಅಂಗೈ ಮೇಲಿಟ್ಟು ತೋರಿಸಿದ್ದಳಲ್ಲ, ನೆನಪಿತ್ತು, ನೆನಪಿದ್ದೂ ಸೊಂಟ ನೋಯುತ್ತಿದೆ ಎಂದು ಒಳಗೆ ಹೋದ, ಮತ್ತೆ ಬಾಗಲಿಲ್ಲ. ನೀರು ಮಾತ್ರ ತಿಳಿಯಾಗಿ ಕನ್ನಡಿಯಾಗಿತ್ತು, ತಳದ ಹಾಳೆ ಕಾಣುತ್ತಿತ್ತು, ಎಂಥ ಖುಷಿ, ಫೋಟೋ ಹೊಡೆದ, ಸೊಸೆಗೆ ಕಳಿಸೋಣ ಎಂದುಕೊಂಡು ಬೆರಳು ಎತ್ತಿದವನು ಬೇಡ, ಬಂದಾಗ ನೋಡಿ ಬೆರಗಾಗಲಿ ಎಂದು ಸುಮ್ಮನಾದ. ಮೂರು ದಿನಕ್ಕೆ ನೀರು ಮಬ್ಬಾಯಿತು, ಐದನೆಯ ದಿನ ಹಸಿರಾಯಿತು, ಗಿಡ ತಿನ್ನಬೇಕಾದ್ದನ್ನೆಲ್ಲ ತಿಂದುಕೊಂಡು ಅಸಲಿ ಪಾಚಿ ಬಂದಿತ್ತು, ಕಿತ್ತರೆ ಕೈಗೆ ಸಿಗದ ಪಾಚಿ, ನೀರೇ ಪಾಚಿ, ಕೈ ಅದ್ದಿದರೆ ಮೊಣಕೈ ಕಾಣುತ್ತಿರಲಿಲ್ಲ, ಗಬ್ಬು ವಾಸನೆ, ಸಂಜೆ ಕೂಗುವ ಕಪ್ಪೆ ಕೂಗಲಿಲ್ಲ. ದಿನಾ ಸಂಜೆ ಫೋನು, ಮಾವ ಊಟ ಆಯ್ತಾ, ಆಯ್ತವ್ವ, ಕೊಳ ಹೇಗಿದೆ, ಚೆನ್ನಾಗದೆ ಕಣವ್ವ. ನಿನ್ನೆ ನಾಲ್ಕು ಪಕ್ಕೆ ಮೀನು ಹೊಟ್ಟೆ ಮೇಲಾಗಿ ತೇಲಿದವು, ಕರಿಬೇವಿನ ಬುಡದಲ್ಲಿ ಹೂತು ಮೇಲೆ ಚಪ್ಪಡಿ ಎಳೆದ, ಫೋನು ಬಂತು, ಕೊಳ ಹೇಗಿದೆ ಮಾವ, ಚೆನ್ನಾಗದೆ ಕಣವ್ವ, ಅದೇ ದನಿಯಲ್ಲಿ, ಒಂದು ಚೂರೂ ನಡುಗದೆ. ಸುಳ್ಳು ಹೇಳುವುದಕ್ಕೆ ತನ್ನ ಗಂಟಲು ಎಷ್ಟು ಚೆನ್ನಾಗಿ ಪಳಗಿದೆ ಎಂದು ಅವನಿಗೇ ನಾಚಿಕೆಯಾಯಿತು.

ಇವತ್ತು ಬೆಳಕು ಹರಿಯುವಾಗ ಹಿತ್ತಲಿಗೆ ಹೋದರೆ ಉಳಿದ ಮೀನುಗಳೆಲ್ಲ ಮೇಲೆ ಬಂದಿದ್ದವು, ಮೋಡ ಕವಿದು ಗಾಳಿಯೇ ಇರಲಿಲ್ಲ, ಏಳೋ ಎಂಟೋ ಬಾಯಿ, ಅಂಗಿಯ ಗುಂಡಿಯಷ್ಟಗಲ, ನೀರಿನ ಮೇಲೆ ಸಾಲಾಗಿ, ತೆರೆಯುವುದು, ಮುಚ್ಚುವುದು, ತೆರೆಯುವುದು, ಒಂದಕ್ಕೂ ಸದ್ದಿಲ್ಲ. ಮೀನು ಬಾಯಿ ಬಿಟ್ರೆ ನೀರನ್ನ ಎತ್ತರದಿಂದ ಎತ್ತೆತ್ತಿ ಹುಯ್ಯಬೇಕು ಮಾವ, ಗಾಳಿ ಸೇರ್ಕೊಳ್ಳುತ್ತೆ, ಎಂದೋ ಹೇಳಿದ್ದಳು, ಬಚ್ಚಲಿನ ಮಗ್ಗು ತಂದು ಎತ್ತಿ ಹುಯ್ದ, ಎತ್ತಿ ಹುಯ್ದ, ತೋಳು ಸೋತು ಬಿದ್ದುಹೋಗುವಂತಾಯಿತು, ಕೆಲವು ಬಾಯಿ ಕೆಳಗಿಳಿದವು, ಒಂದು ಮಾತ್ರ ಅಂಚಿನ ಕಲ್ಲಿನ ಹತ್ತಿರ ಹಾಗೆಯೇ ಉಳಿಯಿತು. ಆಗ ತಲೆಗೆ ಬಂತು ಬುದ್ಧಿ — ಅವನ ಬುದ್ಧಿ ಯಾವಾಗಲೂ ಹೀಗೇ ಬರುವುದು, ಮಾಡಿದ್ದನ್ನು ಹೇಳುವುದಕ್ಕಲ್ಲ, ಮುಚ್ಚುವುದಕ್ಕೆ — ಮೊದಲ ಬಸ್ಸಿಗೆ ಗೊರೂರಿಗೆ ಹೋಗಿ ನಾಲೆಯಿಂದ ಅದೇ ಗಿಡ ತಂದು ನೆಟ್ಟುಬಿಟ್ಟರೆ, ಅವಳು ಇವತ್ತು ಬರುವುದು ಹನ್ನೊಂದು ಗಂಟೆಗೆ, ಅಷ್ಟರೊಳಗೆ ನೆಟ್ಟು, ರಾಶಿಯನ್ನು ಮಣ್ಣು ಮುಚ್ಚಿ, ನೀರು ಯಾಕೋ ಹಸಿರಾಗಿದೆ ಕಣವ್ವ ಬಿಸಿಲು ಜಾಸ್ತಿ ಎಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ. ಚಲುವಯ್ಯ ಮಂಡಿಯುದ್ದ ನೀರಲ್ಲಿ ನಿಂತು ಕಿತ್ತುಕೊಟ್ಟ, ತಗಳಿ ಸಾ, ಸರ್ಕಾರಿ ಪಾಚಿ, ಎಷ್ಟು ಬೇಕಾದ್ರೂ ಅದೆ, ಎಂದು ನಗುತ್ತಲೇ ಕಿತ್ತವನು ಬಕೆಟ್ಟು ಕೈಗಿಡುವಾಗ ಮುಖ ನೋಡಿ ನಗು ನಿಲ್ಲಿಸಿದ, ಯಾಕ್ ಸಾ, ಅಮ್ಮಾವ್ರು ಓದ ದಿನ ಇದ್ದಂಗಿದ್ದೀರಿ. ಏನಿಲ್ಲ ಬಿಡು ಚಲುವಯ್ಯ ಎಂದು ಬಸ್ಸು ಹತ್ತಿದ.

ಅಮ್ಮಾವರು ಹೋದ ದಿನ. ಚಲುವಯ್ಯ ಸಲೀಸಾಗಿ ಅಂದುಬಿಟ್ಟ, ಅವನಿಗೇನು ಗೊತ್ತು, ಯಾರಿಗೂ ಗೊತ್ತಿಲ್ಲ, ಬಸ್ಸು ತಿರುವಿನಲ್ಲಿ ವಾಲಿತು, ಬಕೆಟ್ಟನ್ನು ಪಾದಗಳಲ್ಲಿ ಒತ್ತಿ ಹಿಡಿದ. ಸಣ್ಣಕ್ಕನಿಗೆ ಗೂರಲು, ಮದುವೆಯಾದ ವರ್ಷದಿಂದಲೂ ಚಳಿಗಾಲಕ್ಕೆ ಎದೆ ಕುಯ್ಗುಡುತ್ತಿತ್ತು, ಡಾಕ್ಟರು ನೀಲಿ ಪಂಪು ಬರೆದುಕೊಟ್ಟರು, ಉಸಿರು ಕಟ್ಟಿದಾಗ ಬಾಯಲ್ಲಿಟ್ಟು ಒತ್ತಿದರೆ ಪುಸ್ ಎನ್ನುವುದು, ಎರಡು ನಿಮಿಷಕ್ಕೆ ಅವಳ ಭುಜ ಕೆಳಗಿಳಿಯುವುದು, ಮತ್ತೆ ಎದ್ದು ಮುದ್ದೆ ತೊಳಸುವುದು. ಕ್ವಾರ್ಟರ್ಸಿನ ಪಕ್ಕದ ಮನೆ ಸುವರ್ಣಮ್ಮ ಹೇಳಿದ್ದು, ಪಂಪು ಒಂದ್ಸಲ ಅಭ್ಯಾಸ ಆಯ್ತು ಅಂದ್ರೆ ಸಾಯಗಂಟ ಬಿಡಂಗಿಲ್ಲ ಕಣಣ್ಣ, ನಮ್ಮಣ್ಣ ಅದ್ನ ಬಿಟ್ಟೇ ಗುಣ ಆಗಿದ್ದು. ಬಾಯಿ ಮಾತಿಗೆ ಹೇಳಿದಳು, ತಿಮ್ಮಪ್ಪನಿಗೆ ಅದು ಸರಿಯಾಗಿ ಕಂಡಿತು, ಅಭ್ಯಾಸ ಅಂದರೆ ಬೇರು ತಾನೇ, ಬೇರು ಕೀಳಬೇಕು, ಒಳ್ಳೆಯದಕ್ಕೇ, ಅವಳ ಒಳ್ಳೆಯದಕ್ಕೇ, ಒಂದು ಬೆಳಿಗ್ಗೆ ಸ್ಟೂಲಿನ ಮೇಲಿದ್ದ ಪಂಪನ್ನು ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡು ನಾಲೆಗೆ ಹೋದ. ಪಂಪು ಎಲ್ಲಿಕ್ಕಿದ್ದೀರಿ ಎಂದು ಸಣ್ಣಕ್ಕ ಕೇಳಿದಳು, ಇಲ್ಲೇ ಎಲ್ಲೋ ಇರ್ತದೆ, ಸ್ವಲ್ಪ ತಡ್ಕೊ, ಒಂದು ವಾರ ತಡ್ಕೊಂಡ್ರೆ ಅಭ್ಯಾಸ ತಪ್ತದೆ, ಅವಳು ಎರಡು ದಿನ ತಡೆದುಕೊಂಡಳು, ಶುಂಠಿ ಕಷಾಯ ಕುಡಿದಳು, ದಿಂಬು ಗೋಡೆಗೆ ಇಟ್ಟು ಕೂತೇ ನಿದ್ದೆ ಮಾಡಿದಳು, ಮತ್ತೆ ಕೇಳಲಿಲ್ಲ, ಗಂಡ ಹೇಳಿದ್ದಾನಲ್ಲ. ಅಷ್ಟು ನಂಬಿದವಳಿಗೆ ತಾನು ಮಾಡಿದ್ದೇನು.

ಮೂರನೆಯ ದಿನ, ನಾಲೆಯಲ್ಲಿ ಪಾಚಿ ಕೀಳಿಸುತ್ತಿದ್ದಾಗ ದಂಡೆಯ ಮೇಲೆ ಚಲುವಯ್ಯ ಓಡಿ ಬಂದ, ಸಾ, ಅಮ್ಮಾವ್ರಿಗೆ ಉಸ್ರು ಸಿಗ್ತಾ ಇಲ್ಲ, ಬಿರ್ರನೆ ಬನ್ನಿ, ಓಡಿದ, ಎದೆಯ ಮೇಲೆ ಜೇಬಿನಲ್ಲಿ ಪಂಪು ಹೆಜ್ಜೆ ಹೆಜ್ಜೆಗೂ ಬಡಿಯುತ್ತಿತ್ತು. ಬಾಗಿಲ ಮೆಟ್ಟಿಲ ಮೇಲೆ ಸಣ್ಣಕ್ಕ ಕೂತಿದ್ದಳು, ಎರಡು ಕೈ ಮಂಡಿಗೆ ಊರಿ, ಕತ್ತು ಮುಂದಕ್ಕೆ ಚಾಚಿ, ಬಾಯಿ ತೆರೆದು, ಮುಚ್ಚಿ, ತೆರೆದು. ಸುತ್ತ ಕ್ವಾರ್ಟರ್ಸಿನವರೆಲ್ಲ, ಸುವರ್ಣಮ್ಮ ಒಳಗೆ ಹಾಸಿಗೆ ಕೊಡವುತ್ತಿದ್ದಳು, ಯಾರೋ ಡಬ್ಬಿಗಳನ್ನು ಸುರಿದು ಹುಡುಕುತ್ತಿದ್ದರು, ಪಂಪು ಎಲ್ಲಿ, ಪಂಪು ಎಲ್ಲೋಯ್ತು, ಅಣ್ಣ ನಿಮಗೆ ಗೊತ್ತಾ, ತಿಮ್ಮಪ್ಪನ ಕೈ ಜೇಬಿನ ತನಕ ಹೋಯಿತು. ಹೋಗಿ ನಿಂತಿತು. ಅಷ್ಟು ಜನರ ಮುಂದೆ ಜೇಬಿನಿಂದ ತೆಗೆದರೆ ಏನೆನ್ನುತ್ತಾರೆ, ಹೆಂಡತಿಯ ಔಷಧಿ ಬಚ್ಚಿಟ್ಟ ಗಂಡ, ವರ್ಕ್ ಇನ್‌ಸ್ಪೆಕ್ಟರ್ ತಿಮ್ಮಪ್ಪ — ಆ ಒಂದು ಯೋಚನೆ ಎಷ್ಟು ಹೊತ್ತು ಹಿಡಿಯಿತು, ಒಂದು ನಿಮಿಷವೋ, ಎರಡೋ, ಸಣ್ಣಕ್ಕನ ಕಣ್ಣು ಅವನ ಮುಖದ ಮೇಲಿರಲಿಲ್ಲ, ಜೇಬಿನ ಮೇಲಿತ್ತು. ಅವಳಿಗೆ ಗೊತ್ತಾಗಿತ್ತು. ಅವನು ನುಗ್ಗಿ ಒಳಗೆ ಹೋದ, ಕೋಣೆಯಲ್ಲಿ ಬಗ್ಗಿ ಮಂಚದ ಕೆಳಗೆ ತಡಕಿದ ಹಾಗೆ ಮಾಡಿದ, ಸಿಕ್ತು, ಸಿಕ್ತು, ಮಂಚದ ಕೆಳಗಿತ್ತು ಎಂದು ಕೂಗಿಕೊಂಡು ಹೊರಗೆ ಬಂದ, ಸದ್ಯ ಸಿಕ್ತಲ್ಲ ಎಂದಿತು ಜನ, ಬಾಯಿಗಿಟ್ಟು ಒತ್ತಿದ, ಪುಸ್ ಎಂದಿತು, ಮತ್ತೆ ಒತ್ತಿದ, ಅವಳಿಗೆ ಒಳಗೆ ಎಳೆದುಕೊಳ್ಳಲು ಆಗಲಿಲ್ಲ, ತುಟಿ ನೀಲಿಯಾಗಿತ್ತು, ಪಂಪಿನ ಬಣ್ಣಕ್ಕೆ ತಿರುಗಿತ್ತು. ಹಾಸನದ ದಾರಿಯಲ್ಲಿ ಆಟೋದಲ್ಲೇ ಹೋದಳು. ಕಾಯಿಲೆ ಕಣಪ್ಪ, ಯಾರೇನು ಮಾಡಕ್ಕಾಯ್ತದೆ ಎಂದು ತಿಥಿಗೆ ಬಂದವರೆಲ್ಲ ಸಮಾಧಾನ ಹೇಳಿದರು, ಹೇಳಿಸಿಕೊಂಡ, ತಲೆ ಆಡಿಸಿದ, ನಾಲ್ಕು ವರ್ಷದಿಂದ ಹೇಳಿಸಿಕೊಳ್ಳುತ್ತಲೇ ಇದ್ದಾನೆ. ಪಂಪನ್ನು ಎಸೆಯಲು ನಾಲೆಯ ತನಕ ಮೂರು ಸಲ ಹೋಗಿ ಮೂರು ಸಲವೂ ಮನೆಗೆ ತಂದ, ಕರ್ಚೀಫಿನಲ್ಲಿ ಗಂಟು ಕಟ್ಟಿ ತನ್ನ ಆಫೀಸಿನ ಟ್ರಂಕಿನ ತಳಕ್ಕೆ ಹಾಕಿದ. ನಿವೃತ್ತನಾಗಿ ಮಗನ ಮನೆಗೆ ಬಂದ ಮೇಲೆ ಒಂದು ಭಾನುವಾರ ದೀಪಶ್ರೀ, ಮಾವ ನಿಮ್ಮ ಟ್ರಂಕು ಕೊಳದ ಸಾಮಾನಿಗೆ ತಗೊಂಡೆ, ಬೇಡದ್ದನ್ನೆಲ್ಲ ಗುಜರಿಗೆ ಹಾಕ್ದೆ ಎಂದಳು. ಏನೇನು ಹಾಕಿದೆ ಎಂದು ಕೇಳಲು ಧೈರ್ಯ ಬರಲಿಲ್ಲ, ಹೋಗಲಿ, ಗುಜರಿಗೆ ಹೋಗಿದ್ದರೆ ಒಳ್ಳೆಯದೇ ಆಯಿತು ಎಂದುಕೊಂಡ, ಅಂದಿನಿಂದ ಆ ಟ್ರಂಕಿನ ಕಡೆ ತಿರುಗಿಯೂ ನೋಡಿಲ್ಲ.

ಜೇಬಿನಲ್ಲಿ ಫೋನು ಗುಂಯ್ ಎಂದಿತು, ತೆಗೆದು ಕಿವಿಗಿಟ್ಟ, ಮಾವ, ಬಸ್ ಹತ್ತಿದೆ, ಅನು ಪಾಪುಗೆ ನಿಮ್ಮ ಥರಾನೇ ದೊಡ್ಡ ಕಿವಿ ಅಂತ ಇಲ್ಲಿ ಎಲ್ಲಾ ನಗ್ತಿದ್ದಾರೆ, ಸಂಬಂಧನೇ ಇಲ್ಲ, ಆದ್ರೂ ನೋಡಿ, ಎಲ್ಲಿದ್ದೀರಿ ಏನೋ ಗಾಡಿ ಶಬ್ದ, ಹೀಗೇ ಹಾಲಿಗೆ ಬಂದಿದ್ದೆ ಕಣವ್ವ, ಕೊಳ ಹೇಗಿದೆ. ಮಾದಮ್ಮ ಪಕ್ಕದಿಂದ ಅವನ ಬಾಯನ್ನೇ ನೋಡುತ್ತಿದ್ದಳು. ಚೆನ್ನಾಗದೆ. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಮಾದಮ್ಮ ಬಕೆಟ್ಟಿಗೆ ಒಂದು ಕೈ ಕೊಟ್ಟಳು, ಉಸಾರು ಸಾ, ನಿಮ್ ಸೊಪ್ಪು ಬಾಡೋದೀತು ಎಂದಳು, ಆಟೋದವನು ಸೀಟು ಒದ್ದೆಯಾಗುತ್ತದೆಂದು ಗೊಣಗಿದ, ಬಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡ, ಪಂಚೆಯೆಲ್ಲ ನೆನೆಯಿತು, ಮೋಡ ಇನ್ನೂ ಬಿಟ್ಟಿರಲಿಲ್ಲ, ಬಿಸಿಲು ಬಿದ್ದಿದ್ದರೆ ಚೆನ್ನಾಗಿತ್ತು, ಒಂದು ತಾಸು ಬಿಸಿಲು ಬಿದ್ದರೆ ಈ ಗಿಡಕ್ಕೆ ಗುಳ್ಳೆ ಬರುತ್ತದೆ, ಗುಳ್ಳೆ ಬಂದರೆ ಆ ಬಾಯಿ ಮುಚ್ಚುತ್ತದೆ. ಆ ಒಂದು ಬಾಯಿ ಮುಚ್ಚಿದರೆ ಸಾಕು ದೇವರೇ ಎಂದುಕೊಂಡ.

ಮುಚ್ಚಿರಲಿಲ್ಲ. ಅಂಚಿನ ಕಲ್ಲಿನ ಹತ್ತಿರ ಹಾಗೆಯೇ ಇತ್ತು, ನಿಧಾನವಾಗಿತ್ತು ಅಷ್ಟೇ, ತೆರೆದು ಮುಚ್ಚುವ ನಡುವೆ ಹೊತ್ತು ಹಿಡಿಯುತ್ತಿತ್ತು, ಗಡಿಯಾರ ಹತ್ತೂಕಾಲು, ಬೇಗ, ಗಿಡ ತೊಳೆದು ಕೊಳೆತ ಎಲೆ ತೆಗೆದ, ಎಂಟು ಹತ್ತು ಎಳೆ ಸೇರಿಸಿ ಒಂದೊಂದು ಕಂತೆ, ಬುಡಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ತೇಲುವುದಿಲ್ಲ, ಗೊಬ್ಬರದ ಮಣ್ಣು ಹಾಕಬಾರದು, ಬರೀ ಜಲ್ಲಿ, ಎಲ್ಲ ನೆನಪಿದೆ, ಅವಳು ಹೇಳಿಕೊಟ್ಟಿದ್ದೆಲ್ಲ ಒಂದಕ್ಷರ ಬಿಡದೆ ನೆನಪಿದೆ, ನೆನಪಿಲ್ಲದೆ ಮಾಡಿದ ತಪ್ಪೇ ಅಲ್ಲವಲ್ಲ ಇದು. ಕಟ್ಟಲು ದಾರ. ದಾರ ಟ್ರಂಕಲ್ಲಿದೆ. ಮಾಡಿನ ಕೆಳಗೆ ಟ್ರಂಕು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನದೇ ಹೆಸರು ಅರ್ಧ ಅಳಿಸಿತ್ತು, ಎತ್ತಿದ, ಜರಡಿ, ಕತ್ತರಿ, ಅವಳ ನೋಟ್‌ಬುಕ್ಕು, ದಾರದ ಉಂಡೆ, ಉಂಡೆ ಎತ್ತಿದರೆ ಕೆಳಗೆ ಅವನ ಕರ್ಚೀಫು. ಗಂಟಿರಲಿಲ್ಲ. ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿತ್ತು. ಬಿಚ್ಚಿದ. ನೀಲಿ ಪಂಪು, ಅದರ ಮೈಮೇಲೆ ಒಂದು ಧೂಳಿನ ಕಣವಿಲ್ಲ. ಪ್ರತಿ ಭಾನುವಾರ ಈ ಟ್ರಂಕು ತೆರೆಯುತ್ತಿದ್ದಳು, ಪ್ರತಿ ಭಾನುವಾರ ಇದನ್ನು ನೋಡಿ ಮುಚ್ಚುತ್ತಿದ್ದಳು, ಒಂದು ಮಾತು ಆಡಿರಲಿಲ್ಲ, ಎಷ್ಟು ಗೊತ್ತು ಅವಳಿಗೆ, ಎಲ್ಲ ಗೊತ್ತೇ, ಗೊತ್ತಿದ್ದೂ ಕೊಳವನ್ನು ತನ್ನ ಕೈಗೆ ಬಿಟ್ಟು ಹೋದಳೇ, ಕೊಳದ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತ, ಒಂದು ಕೈಯಲ್ಲಿ ದಾರ, ಒಂದು ಕೈಯಲ್ಲಿ ಪಂಪು. ಗೇಟು ಕಿರ್ರೆಂದಿತು.

ಚೀಲವನ್ನು ವರಾಂಡದಲ್ಲಿಟ್ಟು ನೇರ ಹಿತ್ತಲಿಗೇ ಬಂದಳು, ಬರುತ್ತಾಳೆಂದು ಗೊತ್ತಿತ್ತು, ಬಂದವಳು ನಿಂತಳು, ನೀರು ನೋಡಿದಳು, ತೆಂಗಿನ ಬುಡದ ಒಣಗಿದ ರಾಶಿ ನೋಡಿದಳು, ಬಕೆಟ್ಟು, ಕಂತೆ, ಅವನ ಕೈ. ಬಿಸಿಲು ಜಾಸ್ತಿ ಕಣವ್ವ ಎನ್ನಬೇಕಿತ್ತು, ಮಾತು ನಾಲಿಗೆಯ ತುದಿಯಲ್ಲಿತ್ತು, ಮಂಚದ ಕೆಳಗಿತ್ತು ಎಂದ ಹಾಗೆಯೇ ಸಲೀಸಾಗಿ ಬಂದುಬಿಡುತ್ತಿತ್ತು — ಎಲ್ಲಾ ಕಿತ್ತಾಕ್ಬುಟ್ಟೆ ಕಣವ್ವ, ಒಂದೆಳೆ ಬಿಡ್ನಿಲ್ಲ, ದಿನಾ ಫೋನಲ್ಲಿ ಸುಳ್ಳು ಹೇಳ್ದೆ, ಮೀನು ಸತ್ತೋದೊ, ಅಲ್ಲಿ ಹೂತಿವ್ನಿ, ಎಂದ. ದೀಪಶ್ರೀ ಕಣ್ಣು ಮುಚ್ಚಿ ತೆರೆದಳು, ಬೈಯಲಿಲ್ಲ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮಗ್ಗು ತೆಗೆದುಕೊಂಡು ಕೂತಳು, ಮೊದ್ಲು ನೀರು ಹುಯ್ಯೋಣ ಮಾವ, ಆಮೇಲೆ ಮಾತು, ಎತ್ತಿ ಹುಯ್ದಳು, ಎತ್ತಿ ಹುಯ್ದಳು, ನೀವು ಕಂತೆ ಕಟ್ಟಿ, ಗಿಡ ತಾನೇ, ಮತ್ತೆ ಬರುತ್ತೆ, ಕಪ್ಪೆನೂ ಬರುತ್ತೆ, ಅಳ್ಬೇಡಿ. ಅಳುತ್ತಿದ್ದೇನೆಂದು ಅವನಿಗೆ ಆಗಲೇ ತಿಳಿದದ್ದು. ಅವನ ಕೈ ನೋಡಿ ಅವಳ ದನಿ ಇನ್ನೂ ಮೆತ್ತಗಾಯಿತು, ಅದು ಸಿಕ್ತಾ ನಿಮಗೆ, ಟ್ರಂಕು ಖಾಲಿ ಮಾಡುವಾಗ ಸಿಕ್ಕಿತ್ತು ಮಾವ, ಗುಜರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ, ಅತ್ತೆ ನೆನಪಿಗೆ ಇಟ್ಕೊಂಡಿದ್ದೀರಿ ಅಂತ ಗೊತ್ತಾಯ್ತು, ಯಾವ ಗಂಡಸು ಇಷ್ಟು ಜೋಪಾನ ಮಾಡ್ತಾರೆ, ಇವರಿಗೂ ಹೇಳಿದ್ದೆ, ಮಾವನ್ನ ನೋ‌ಡಿ ಕಲೀರಿ ಅಂತ, ನೀರು ಎತ್ತಿದಳು, ಹುಯ್ದಳು, ಎತ್ತಿದಳು.

ಸುಮ್ಮನಿರಬಹುದಿತ್ತು. ಅವಳೇ ಕೊಟ್ಟ ಮಾತು, ಬೆಚ್ಚಗಿನ ಮಾತು, ಹೊದ್ದುಕೊಂಡು ಸಾಯುವ ತನಕ ಮಲಗಬಹುದಿತ್ತು, ಬೈದಿದ್ದರೆ ಸುಮ್ಮನಿರುತ್ತಿದ್ದನೇನೋ, ಕೊಳ ಹಾಳು ಮಾಡಿದ್ದಕ್ಕೆ ರೇಗಿದ್ದರೆ ಅಷ್ಟಕ್ಕೇ ತೀರಿಸಿಕೊಳ್ಳುತ್ತಿದ್ದನೇನೋ, ಇದನ್ನು ತಡೆಯಲಾಗಲಿಲ್ಲ, ಇದಕ್ಕೆ ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಮಂಚದ ಕೆಳಗೆ ಸಿಗ್ನಿಲ್ಲ ಕಣವ್ವ ಅದು, ಎಂದ, ನನ್ ಜೇಬಲ್ಲೇ ಇತ್ತು, ಅಭ್ಯಾಸ ಬಿಡ್ಸಣ ಅಂತ ನಾನೇ ಎತ್ತಿಟ್ಕಂಡಿದ್ದೆ, ಅವ್ಳು ಬಾಯ್ ಬಾಯ್ ಬಿಡ್ತಿದ್ಲು, ಜನ ಇದ್ರು, ನಂಗೆ ನಾಚ್ಕೆ ಆಯ್ತು, ತೆಗೀನಿಲ್ಲ. ಎತ್ತಿದ ಮಗ್ಗು ಎತ್ತಿದಂತೆಯೇ ನಿಂತಿತು. ಅವಳು ಅವನ ಕಡೆ ತಿರುಗಲಿಲ್ಲ, ಮಗ್ಗಿನ ಅಂಚಿನಿಂದ ಒಂದು ಹನಿ ಬಿತ್ತು, ಇನ್ನೊಂದು ಹನಿ ಬಿತ್ತು, ಆಮೇಲೆ ಹನಿಯೂ ನಿಂತಿತು, ಕದಡಿದ್ದ ಹಸಿರು ನೀರು ಮೆಲ್ಲಗೆ ಸಮವಾಯಿತು, ಅಂಚಿನ ಕಲ್ಲಿನ ಹತ್ತಿರ ಅದು ಮೇಲೆ ಬಂತು, ಅಂಗಿಯ ಗುಂಡಿಯಷ್ಟಗಲ, ಸದ್ದಿಲ್ಲದೆ, ತೆರೆಯಿತು, ಮುಚ್ಚಿತು, ತೆರೆಯಿತು